ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕಿದ ಯುದ್ಧಕಾಲದ ನೋಟುಗಳು: ಗೊತ್ತಿದ್ದವರು ಹೇಳಿ

ಕಲ್ಯಾಣಪುರದವಳು

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮೊದಲು ಹಂಚು ಸರಿ ಮಾಡಿಸಬೇಕು ಅಂತ ಕಲ್ಯಾಣಪುರದ ಅಜ್ಜಿ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆವು. ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ನನ್ನ ಮುತ್ತಜ್ಜನದ್ದು, ಅಂದರೆ ಅಜ್ಜಿಯ ಅಪ್ಪನದ್ದು.

ಒಳಗೆ ಒಂದು ರೂಪಾಯಿಯ ಮೂರು ನೋಟುಗಳಿವೆ. ನೋಟಿನ ಮೇಲೆ ರೂಪಾಯಿ ನಾಣ್ಯದ ಚಿತ್ರವೇ ಅಚ್ಚಾಗಿದೆ. ಎರಡರಲ್ಲಿ 1935 ಅಂತ ಇದೆ, ಒಂದರಲ್ಲಿ 1940. ನಡುವೆ ತೂತು ಇರುವ ಒಂದು ತಾಮ್ರದ ಬಣ್ಣದ ನಾಣ್ಯ ಇದೆ. ಅಜ್ಜಿ ಅದನ್ನು ನೋಡಿದ ಕೂಡಲೇ "ಒಟ್ಟೆ ಮುಕ್ಕಾಲು" ಅಂದರು. ಜೊತೆಗೆ ನೂಲು ಕಟ್ಟಿದ ಒಂದು ಕಟ್ಟು ಇತ್ತು. ಬಿಡಿಸಿ ಎಣಿಸಿದೆ. 10 ರೂಪಾಯಿಯ 34 ನೋಟುಗಳು. ಅದರಲ್ಲಿ ರಾಜನ ಮುಖ ಇಲ್ಲ. ಗುಡಿಯ ಹಾಗೆ ಕಾಣುವ ಒಂದು ಚಿತ್ರ, ಮೇಲೆ ಇಂಗ್ಲಿಷಿನಲ್ಲಿ "ಜಪಾನೀಸ್ ಗವರ್ನಮೆಂಟ್". ಒಂದು ಹಳೆ ಲೆಕ್ಕದ ಪುಸ್ತಕವೂ ಇದೆ, ಅದನ್ನು ಇನ್ನೂ ಪೂರ್ತಿ ನೋಡಿಲ್ಲ.

ಮುತ್ತಜ್ಜ ಬರ್ಮಾದ ರಂಗೂನಿನಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಯುದ್ಧ ಬಂದಾಗ ಕಾಡು, ಗುಡ್ಡ ದಾಟಿ ನಡೆದೇ ಊರಿಗೆ ಬಂದರು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈ ನೋಟುಗಳು ನಿಜವಾದವೇ? ಜಪಾನಿನವರು ರೂಪಾಯಿ ನೋಟು ಯಾಕೆ ಮಾಡಿದರು? ದಯವಿಟ್ಟು ಹೇಳಿ.

ಹಳೆನಾಣ್ಯ ಉಡುಪಿ

ಅಕ್ಕ, ಒಳ್ಳೆಯ ಪೆಟ್ಟಿಗೆ ಸಿಕ್ಕಿದೆ ನಿಮಗೆ. ಮೊದಲು ಒಂದು ಮಾತು. ನೋಟುಗಳನ್ನು ಬಿಸಿಲಿಗೆ ಇಡಬೇಡಿ, ಒರೆಸಬೇಡಿ, ಇಸ್ತ್ರಿ ಹಾಕಬೇಡಿ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಜಪಾನ್ ನೋಟು ನಿಜವಾದದ್ದೇ ಇರಬೇಕು. ನೋಟಿನ ಮೇಲೆ ಉದ್ದದ ನಂಬರ್ ಇಲ್ಲ, ಬರೀ ಎರಡು ಇಂಗ್ಲಿಷ್ ಅಕ್ಷರ ಇದೆ, ಮೊದಲನೆಯದು "ಬಿ", ಅಲ್ವಾ? ಬಿ ಅಂದರೆ ಬರ್ಮಾ. ಮಲಯಾಕ್ಕೆ ಮಾಡಿದ ನೋಟಿನಲ್ಲಿ "ಎಂ" ಇರುತ್ತದೆ. ಅಲ್ಲಿ ಡಾಲರ್ ಚಲಾವಣೆಯಲ್ಲಿತ್ತು, ಹಾಗಾಗಿ ಡಾಲರ್ ನೋಟು ಮಾಡಿದರು. ಆ 10 ಡಾಲರ್ ನೋಟಿನಲ್ಲಿ ಬಾಳೆಗಿಡ ಇರುವುದರಿಂದ ಜನ ಅದನ್ನು ಬಾಳೆ ನೋಟು ಅಂತಲೇ ಕರೆದರು. ಬರ್ಮಾದಲ್ಲಿ ಮೊದಲಿನಿಂದ ನಮ್ಮದೇ ರೂಪಾಯಿ ಇತ್ತು. 1937ರ ತನಕ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಭಾಗ. ಬೇರೆಯಾದ ಮೇಲೂ ಅಲ್ಲಿನ ನೋಟಿನ ಕೆಲಸ ನೋಡಿಕೊಂಡದ್ದು ನಮ್ಮ ರಿಸರ್ವ್ ಬ್ಯಾಂಕೇ. ಜನರಿಗೆ ರೂಪಾಯಿ ಲೆಕ್ಕವೇ ಅಭ್ಯಾಸ. ಹಾಗಾಗಿ 1942ರಲ್ಲಿ ಬರ್ಮಾವನ್ನು ಹಿಡಿದ ಜಪಾನ್ ಕೂಡ ರೂಪಾಯಿ ಹೆಸರಿನಲ್ಲೇ ಅಚ್ಚು ಹಾಕಿತು.

ಆ ನೋಟಿನ ಹಿಂದೆ ಬೆಳ್ಳಿ ಇರಲಿಲ್ಲ, ಚಿನ್ನ ಇರಲಿಲ್ಲ. ಸೈನ್ಯಕ್ಕೆ ಅಕ್ಕಿ ಬೇಕು, ಎತ್ತು ಬೇಕು, ಕೂಲಿ ಬೇಕು. ಅಚ್ಚು ಹಾಕಿ ಕೊಡುತ್ತಾ ಹೋದರು, ಅಷ್ಟೇ. 1945ರಲ್ಲಿ ಬ್ರಿಟಿಷರು ವಾಪಸ್ ಬಂದಾಗ ಅದನ್ನು ಒಪ್ಪಲಿಲ್ಲ. ಯಾರ ಕೈಯಲ್ಲಿ ಎಷ್ಟಿತ್ತೋ ಅಷ್ಟೂ ಬರೀ ಕಾಗದ ಆಯಿತು.

ಸುರತ್ಕಲ್ ಹುಡುಗ

ಅಕ್ಕ, ಮಾರಿಬಿಡಿ! ಹಳೆ ಒಂದು ರೂಪಾಯಿ ನೋಟಿಗೆ 7 ಲಕ್ಷ ಕೊಡುತ್ತಾರೆ ಅಂತ ನಿನ್ನೆಯೇ ಒಂದು ವಿಡಿಯೋ ನೋಡಿದೆ. ಲಿಂಕ್ ಬೇಕಾದರೆ ಹಾಕುತ್ತೇನೆ.

ಕದ್ರಿ ಗುಡ್ಡೆ

ತಮ್ಮಾ, ದಯವಿಟ್ಟು ಲಿಂಕ್ ಹಾಕಬೇಡ. ಎರಡು ವರ್ಷದ ಹಿಂದೆ ನನಗೆ ಇದೇ ಆಗಿದೆ. ಅಪ್ಪನ ಹತ್ತಿರ ಇದ್ದ ಒಂದು ಹಳೆ ನೋಟಿನ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು, ತುಂಬಾ ಮರ್ಯಾದೆಯಿಂದ ಮಾತಾಡಿದರು. ಮೊದಲು ನೋಂದಣಿಗೆ ಅಂತ 1,200 ತೆಗೆದುಕೊಂಡರು. ಆಮೇಲೆ ತೆರಿಗೆ ಅಂತ 3,500. ಆಮೇಲೆ ಫೋನೇ ಇಲ್ಲ. ದುಡ್ಡು ಹೋದದ್ದಕ್ಕಿಂತ ಅಪ್ಪನಿಗೆ ಹೇಳಬೇಕಾಯಿತಲ್ಲ, ಅದು ಜಾಸ್ತಿ ಬೇಜಾರು.

ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ಹಳೆ ನೋಟು, ನಾಣ್ಯ ಕೊಳ್ಳುವ, ಮಾರುವ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಕಮಿಷನ್ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಯಾರಾದರೂ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಸುರತ್ಕಲ್ ಹುಡುಗ

ಸಾರಿ ಅಣ್ಣ. ಗೊತ್ತಿರಲಿಲ್ಲ. ಆ ಚಾನೆಲ್ಲನ್ನು ರಿಪೋರ್ಟ್ ಮಾಡಿದೆ.

ಪಿಂಚಣಿ ಮಾಮ

ನಾನು ಬ್ಯಾಂಕಿನಲ್ಲಿ 34 ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವನು. ಈಗ ಮಂಗಳೂರಿನಲ್ಲಿ ಮಗನ ಮನೆ. ಎಲ್ಲರೂ ಜಪಾನ್ ನೋಟಿನ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಆ ಮೂರು ಒಂದು ರೂಪಾಯಿ ನೋಟುಗಳ ಬಗ್ಗೆ ಹೇಳಬೇಕು ಅನಿಸುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಆಗಿನ ರೂಪಾಯಿ ಅಂದರೆ ಬೆಳ್ಳಿ. ಒಂದು ತೊಲ ತೂಕ, ನಮ್ಮ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಮ್ಮ ಅಮ್ಮ ರೂಪಾಯಿಯನ್ನು ಜಗಲಿಯ ಕಲ್ಲಿನ ಮೇಲೆ ಹಾಕಿ, ಸದ್ದು ಕೇಳಿ ಆಮೇಲೆ ಸೆರಗಿಗೆ ಕಟ್ಟುತ್ತಿದ್ದರು. ಆ ಸದ್ದೇ ಅವರಿಗೆ ನಂಬಿಕೆ. ಕಾಗದಕ್ಕೆ ಎಂತ ಸದ್ದು ಉಂಟು ಮಾರಾಯ್ರೆ?

ಒಂದು ರೂಪಾಯಿಗೆ ಕಾಗದ ಬಂದದ್ದೇ ಯುದ್ಧದಿಂದ. ಅದಕ್ಕಿಂತ ಮೊದಲು 5, 10ರ ನೋಟು ಇತ್ತು, ಆದರೆ ಅದು ಸಾಹುಕಾರರ, ಸರ್ಕಾರದ ವ್ಯವಹಾರಕ್ಕೆ. ಕೂಲಿಯವರು ಮುಟ್ಟಿದ್ದು ನಾಣ್ಯ ಮಾತ್ರ. ಮೊದಲನೇ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿತು. ನಾಣ್ಯದೊಳಗಿನ ಬೆಳ್ಳಿಯೇ ರೂಪಾಯಿಗಿಂತ ಜಾಸ್ತಿ ಬಾಳುವ ಹಾಗಾಯಿತು. ಕರಗಿಸಿದರೆ ಲಾಭ. ನಾಣ್ಯ ಮನೆಯೊಳಗೆ ಸೇರಿತು, ಬೀದಿಗೆ ಬರಲಿಲ್ಲ. ಆಗ 1917ರ ನವೆಂಬರ್ 30ಕ್ಕೆ ಒಂದು ರೂಪಾಯಿ ನೋಟು ಬಂತು. ಅದರ ಬೆನ್ನಿಗೇ ಎರಡೂವರೆ ರೂಪಾಯಿಯ ನೋಟು, ಅಂದರೆ 2 ರೂಪಾಯಿ 8 ಆಣೆ. ಹಾಗೆ ಒಂದು ನೋಟು ಇತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನಿಂದ ಹೊರಟ ನೋಟಿಗೆ "ಎಂ" ಅಕ್ಷರ. ಮನೆಯಲ್ಲಿ ಯಾರಿಗಾದರೂ ಎರಡೂವರೆಯ ನೋಟು ಸಿಕ್ಕಿದರೆ ಆ ಅಕ್ಷರ ಹುಡುಕಿ.

ಅದೇ ಸಮಯದಲ್ಲಿ ಚಿಲ್ಲರೆಗೂ ಬೆಳ್ಳಿ ಬಿಟ್ಟರು. 1918ರಲ್ಲಿ ಎರಡಾಣೆ, 1919ರಲ್ಲಿ ನಾಲ್ಕಾಣೆ, ಎಂಟಾಣೆ, ಎಲ್ಲ ತಾಮ್ರ ಮತ್ತು ನಿಕ್ಕಲ್ ಸೇರಿಸಿದ್ದು. ಅಷ್ಟಾದರೂ ಸಾಕಾಗಲಿಲ್ಲ. ನೋಟು ಹಿಡಿದು ಬೆಳ್ಳಿ ಕೇಳುವವರು ನಿಲ್ಲಲಿಲ್ಲ. ಕೊನೆಗೆ 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿ ಇಂಡಿಯಾಕ್ಕೆ ಅಂತ ಮಾರಿತು. ಯೋಚನೆ ಮಾಡಿ, ನಮ್ಮ ಹಳ್ಳಿಯ ಹೆಂಗಸರು ಕಾಗದ ಬೇಡ ಅಂದದ್ದಕ್ಕೆ ಅಮೆರಿಕದ ಖಜಾನೆಯ ಬಾಗಿಲು ತೆಗೆಯಬೇಕಾಯಿತು.

ಆ ನೋಟುಗಳನ್ನು 1926ರ ಜನವರಿಯಿಂದ ಹೊರಡಿಸುವುದು ನಿಲ್ಲಿಸಿದರು. ಸಣ್ಣ ನೋಟು ಬೇಗ ಹರಿಯುತ್ತದೆ, ಅಚ್ಚು ಹಾಕಿ ಪೂರೈಸುವುದಿಲ್ಲ. ನಮ್ಮ ಕಡೆಯ ಮಳೆಗೆ, ಗೆದ್ದಲಿಗೆ ಕೇಳುವುದೇ ಬೇಡ. ಬೆಳ್ಳಿಯನ್ನು ಮಡಕೆಯಲ್ಲಿ ಹಾಕಿ ಹೂತರೆ ನೂರು ವರ್ಷ ಇರುತ್ತದೆ. ನೋಟು ಒಂದು ಆಷಾಢ ದಾಟುವುದೂ ಕಷ್ಟ.

ಎರಡನೇ ಯುದ್ಧದಲ್ಲಿ ಮತ್ತೆ ಅದೇ ಕಥೆ. 1940ರ ಜೂನಿನಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂತು. ಸರ್ಕಾರ ಬಿದ್ದರೆ ನೋಟಿಗೆ ಯಾರು ಜವಾಬ್ದಾರಿ ಅಂತ ಜನ ಮತ್ತೆ ಬೆಳ್ಳಿಗೆ ಸಾಲು ನಿಂತರು. ಬೇಕಾದ್ದಕ್ಕಿಂತ ಜಾಸ್ತಿ ನಾಣ್ಯ ಕೂಡಿಡುವುದು ಅಪರಾಧ ಅಂತ ಆಯಿತು. ಆಗಸ್ಟಿನಲ್ಲಿ ಒಂದು ರೂಪಾಯಿ ನೋಟು ವಾಪಸ್ ಬಂತು. ಅದು ಆಗಿನ ಬೇರೆ ನೋಟುಗಳ ಹಾಗೆ ರಿಸರ್ವ್ ಬ್ಯಾಂಕಿನದ್ದಲ್ಲ, ಸರ್ಕಾರದ್ದು. ಕಾನೂನಿನ ಪ್ರಕಾರ ಆ ಕಾಗದವೇ ಒಂದು ನಾಣ್ಯ! ಅದಕ್ಕೇ ನಾಣ್ಯದ ಚಿತ್ರ. ಅದೇ ವರ್ಷ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಹಳೆಯ ಒಳ್ಳೆ ಬೆಳ್ಳಿಯ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆದರು, ಮೊದಲು ವಿಕ್ಟೋರಿಯಾ ರಾಣಿಯದ್ದು, ಆಮೇಲೆ ಎಡ್ವರ್ಡ್, ಆಮೇಲೆ ಜಾರ್ಜ್.

ನಿಮ್ಮ ಒಟ್ಟೆ ಮುಕ್ಕಾಲು 1943ರ ಮೇಲಿನದ್ದು. ಯುದ್ಧಕ್ಕೆ ತಾಮ್ರ ಬೇಕಿತ್ತು. ಹಾಗಾಗಿ ಕಾಸಿನ ಹೊಟ್ಟೆಯನ್ನೇ ಕತ್ತರಿಸಿ ತೆಗೆದರು.

ಹಳೆನಾಣ್ಯ ಉಡುಪಿ

ಮಾಮ, ಇದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. 1940ರಲ್ಲಿ ಬಂದ ನೋಟಿನಲ್ಲಿ 1935 ಅಂತ ಯಾಕೆ ಇದೆ ಅನ್ನುವ ಸಂಶಯ ಬರಬಹುದು, ಅದಕ್ಕೆ ನಾನು ಉತ್ತರ ಕೊಡುತ್ತೇನೆ. ಆ ನೋಟಿನಲ್ಲಿ ಐದನೇ ಜಾರ್ಜ್ ಇದ್ದಾನೆ, ಅವನು ತೀರಿಕೊಂಡದ್ದು 1936ರಲ್ಲಿ. ಆದರೆ ನೋಟು ಹೊರಗೆ ಬಂದದ್ದು 1940ರಲ್ಲಿ. ಯುದ್ಧದ ಅವಸರದಲ್ಲಿ ಸತ್ತ ರಾಜನ ನೋಟನ್ನೇ ಜನರ ಕೈಗೆ ಕೊಟ್ಟರು. ಆರನೇ ಜಾರ್ಜನ ಮುಖ ಇರುವ, 1940 ಅಂತ ಬರೆದ ನೋಟು ಅದರ ನಂತರದ್ದು.

ಜೊತೆಗೆ 2 ರೂಪಾಯಿ ನೋಟು ಬಂತು, 1943ರ ಮಾರ್ಚ್ 3ಕ್ಕೆ. ಎರಡೂವರೆಯನ್ನೇ ಮತ್ತೆ ತರುವ ಯೋಚನೆ ಇತ್ತು, ಕೊನೆಗೆ ಎರಡಕ್ಕೆ ನಿಂತಿತು. ಆ ಸಮಯದಲ್ಲೇ ಜಪಾನಿನವರು ನಮ್ಮ ನೋಟನ್ನು ಬಹಳ ಚೆನ್ನಾಗಿ ನಕಲು ಮಾಡುತ್ತಿದ್ದರು. ಹಾಗಾಗಿ ನೀರುಗುರುತಿನಲ್ಲಿ, ಅಂದರೆ ಬೆಳಕಿಗೆ ಹಿಡಿದರೆ ಕಾಣುವ ಗುರುತಿನಲ್ಲಿ, ಒಂದು ಬದಿಯಿಂದ ಕಾಣುತ್ತಿದ್ದ ರಾಜನ ಮುಖವನ್ನು ಎದುರು ಮುಖಕ್ಕೆ ಬದಲಿಸಿದರು. ನೋಟಿನೊಳಗೆ ದಾರ ಹಾಕಿದ್ದೂ ಆಗಲೇ, ನಮ್ಮ ದೇಶದಲ್ಲಿ ಅದೇ ಮೊದಲು. ಈಗ 500ರ ನೋಟನ್ನು ಬೆಳಕಿಗೆ ಹಿಡಿದು ಹಸಿರು ದಾರ ನೋಡುತ್ತೇವಲ್ಲ, ಅದರ ಹುಟ್ಟು ಅಲ್ಲಿ.

ಕದ್ರಿ ಗುಡ್ಡೆ

ಒಂದು ಪ್ರಶ್ನೆ. ಜಪಾನ್ ಅಚ್ಚು ಹಾಕಿ ಬರ್ಮಾದವರನ್ನು ಮುಳುಗಿಸಿತು ಸರಿ. ಬ್ರಿಟಿಷರ ನೋಟು ಮಾತ್ರ ಪ್ರಾಮಾಣಿಕವೇ? ನಮ್ಮ ಅಜ್ಜ ಹೇಳುತ್ತಿದ್ದರು, ಯುದ್ಧದ ಕಾಲದಲ್ಲಿ ದುಡ್ಡು ಕೈಯಲ್ಲಿತ್ತು, ಅಂಗಡಿಯಲ್ಲಿ ಅಕ್ಕಿ ಇರಲಿಲ್ಲ ಅಂತ.

ಪಿಂಚಣಿ ಮಾಮ

ಒಳ್ಳೆ ಪ್ರಶ್ನೆ ಕೇಳಿದಿರಿ. ಯುದ್ಧ ಶುರುವಾದಾಗ ದೇಶದಲ್ಲಿ ಓಡಾಡುತ್ತಿದ್ದ ನೋಟು ಸುಮಾರು 180 ಕೋಟಿ ರೂಪಾಯಿಯದ್ದು. ಮುಗಿಯುವಾಗ 1,100 ಕೋಟಿ ದಾಟಿತ್ತು. ಆರು ಪಟ್ಟು! ಸೈನ್ಯಕ್ಕೆ ಬಟ್ಟೆ, ಚರ್ಮ, ಮರ, ಧಾನ್ಯ ಎಲ್ಲ ಇಲ್ಲಿಂದ ಹೋಯಿತು. ಬ್ರಿಟನ್ ಅದಕ್ಕೆ ಪೌಂಡನ್ನು ಲಂಡನ್ನಿನಲ್ಲಿ ಲೆಕ್ಕಕ್ಕೆ ಬರೆದಿಟ್ಟಿತು. ಆ ಲೆಕ್ಕ ತೋರಿಸಿ ಇಲ್ಲಿ ನೋಟು ಅಚ್ಚಾಯಿತು. ಸಾಮಾನು ಹೋಯಿತು, ಕಾಗದ ಉಳಿಯಿತು. ಬರ್ಮಾ ಅಕ್ಕಿಯೂ 1942ಕ್ಕೆ ನಿಂತಿತು. ಬೆಲೆ ಏರದೆ ಇನ್ನೇನು? ಬಂಗಾಳದಲ್ಲಿ 1943ರಲ್ಲಿ ಲಕ್ಷ ಲಕ್ಷ ಜನ ಸತ್ತರು.

ಒಂದು ವ್ಯತ್ಯಾಸ ಮಾತ್ರ ಉಂಟು. ಆ ಪೌಂಡ್ ಸಾಲವನ್ನು ಯುದ್ಧದ ನಂತರ ಬ್ರಿಟನ್ ತೀರಿಸಬೇಕಾಯಿತು. ಜಪಾನ್ ನೋಟಿಗೆ ಕೇಳಲು ಬಾಗಿಲೇ ಇರಲಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಗಂಜಿಗೆ ಒದ್ದಾಡಿದವರಿಗೆ ಲಂಡನ್ನಿನ ಲೆಕ್ಕದಿಂದ ಏನೂ ಸಿಗಲಿಲ್ಲ. ಅದನ್ನು ನಾನು ಮರೆಯಲಾರೆ.

ಬಂದರು ರಸ್ತೆ

ನಾನು ಹಳೆ ಕಾಗದ ಕೂಡಿಡುವವನು. ಯುದ್ಧದ ನೋಟು ಅಂದದ್ದಕ್ಕೆ ನೆನಪಾಯಿತು. ರೂಪಾಯಿ ಹೆಸರಿನ ಇನ್ನೊಂದು ವಸಾಹತಿನ ನೋಟು ಉಂಟು, ಜರ್ಮನರದ್ದು. ಆಫ್ರಿಕದ ಪೂರ್ವ ಕರಾವಳಿಯಲ್ಲಿ, ಈಗಿನ ಟಾಂಜಾನಿಯಾದ ಕಡೆ, ಜರ್ಮನ್ ವಸಾಹತು ಇತ್ತು. ಇಂಡಿಯಾದ ವ್ಯಾಪಾರಿಗಳಿಂದಾಗಿ ಅಲ್ಲಿ ರೂಪಾಯಿಯೇ ಓಡುತ್ತಿತ್ತು. ಜರ್ಮನರೂ ಅದನ್ನೇ ಇಟ್ಟುಕೊಂಡು "ರುಪೀ" ಅಂದರು.

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಹಡಗುಗಳು ಸಮುದ್ರ ಮುಚ್ಚಿದವು. ಜರ್ಮನಿಯಿಂದ ನೋಟು ಬರುವ ಹಾಗಿಲ್ಲ. 1915ರಿಂದ ದಾರ್ ಎಸ್ ಸಲಾಮಿನಲ್ಲಿ, ಆಮೇಲೆ ಒಳನಾಡಿನ ತಬೋರಾದಲ್ಲಿ ತಾವೇ ಅಚ್ಚು ಹಾಕಿದರು. ಸಿಕ್ಕಿದ ಕಾಗದದಲ್ಲಿ, ಕೈಯಲ್ಲಿ ಸಹಿ ಮಾಡಿ. ತಬೋರಾ 1916ರಲ್ಲಿ ಕೈಬಿಟ್ಟ ಮೇಲೆ, 1917ರಲ್ಲಿ ಸೈನ್ಯ ಕಾಡಿನಲ್ಲಿ ಓಡಾಡುತ್ತಾ ರಬ್ಬರ್ ಅಕ್ಷರ ಜೋಡಿಸಿ ಮುದ್ರೆ ಒತ್ತಿದ ನೋಟುಗಳೂ ಉಂಟು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಪೊದೆ ನೋಟು ಅಂತಲೇ ಹೆಸರು. ನನ್ನ ಹತ್ತಿರ ಒಂದು ಇದೆ. ಮುಟ್ಟಿದರೆ ಶಾಲೆಯ ಹಳೆ ಪಟ್ಟಿ ಪುಸ್ತಕದ ಹಾಳೆಯ ಹಾಗೆ.

ಮಂಗಳೂರಿನವರಿಗೆ ಈ ಕಥೆ ಅಷ್ಟು ದೂರದ್ದಲ್ಲ. ಅದೇ ವರ್ಷಗಳಲ್ಲಿ ಇಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರು ಅಂತ ಹಿಡಿದು ಇಟ್ಟರು. ಅವರ ಹಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು.

ಹಳೆನಾಣ್ಯ ಉಡುಪಿ

ಕಲ್ಯಾಣಪುರದ ಅಕ್ಕ, ಒಂದು ವಿಷಯ ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ನಿಮ್ಮ ಮನೆಯ ಮಾತನ್ನು ಸುಳ್ಳು ಮಾಡುವ ಉದ್ದೇಶ ಖಂಡಿತ ಇಲ್ಲ.

ರಂಗೂನಿಗೆ ಬಾಂಬು ಬಿದ್ದದ್ದು 1941ರ ಡಿಸೆಂಬರ್ 23ಕ್ಕೆ. ಜನ ಹೊರಟದ್ದು ಆಗಿನಿಂದ. ಜಪಾನ್ ಸೈನ್ಯ ರಂಗೂನಿನೊಳಗೆ ಬಂದದ್ದು 1942ರ ಮಾರ್ಚ್ 8ಕ್ಕೆ. ನಡೆದು ಬಂದವರು ಜಪಾನ್ ಸೈನ್ಯದ ಮುಂದೆ ಮುಂದೆ ಓಡಿದವರು. ಅವರ ಸೊಂಟದಲ್ಲಿ ಇದ್ದದ್ದು ಬ್ರಿಟಿಷ್ ನೋಟು, ಚಿನ್ನ, ಬೆಳ್ಳಿ. ಜಪಾನ್ ನೋಟು ಜನರ ಕೈಗೆ ಬಂದದ್ದು ಆಮೇಲೆ. 340 ರೂಪಾಯಿಯಷ್ಟು ಜಪಾನ್ ನೋಟು ಕೂಡಿಟ್ಟವರು ಅಲ್ಲೇ ಉಳಿದು, ಅವರ ಆಡಳಿತದಲ್ಲಿ ದುಡಿದವರೇ ಆಗಿರಬೇಕು.

1940ರ ಆ ಒಂದು ರೂಪಾಯಿ ನೋಟನ್ನು ಸರಿಯಾಗಿ ನೋಡುತ್ತೀರಾ? ಮೇಲೆ ಏನಾದರೂ ಹೆಚ್ಚಿನ ಇಂಗ್ಲಿಷ್ ಅಕ್ಷರ ಒತ್ತಿದ್ದಾರಾ?

ಕಲ್ಯಾಣಪುರದವಳು

ಈಗ ನೋಡಿದೆ. "ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ" ಅಂತ ಇದೆ. ಬರ್ಮಾದಲ್ಲಿ ಮಾತ್ರ ಚಲಾವಣೆ ಅಂತಲೂ ಇದೆ. ಮೊದಲು ಗಮನಿಸಿರಲಿಲ್ಲ.

ಹಳೆನಾಣ್ಯ ಉಡುಪಿ

ಹಾಗಾದರೆ ಸಂಶಯ ಇಲ್ಲ ಅಕ್ಕ. ಬ್ರಿಟಿಷ್ ಸೈನ್ಯ 1945ರಲ್ಲಿ ಬರ್ಮಾವನ್ನು ವಾಪಸ್ ಹಿಡಿದಾಗ ಇಂಡಿಯಾದ ನೋಟಿನ ಮೇಲೆ ಈ ಮುದ್ರೆ ಹಾಕಿ ಹಂಚಿದ್ದು. ನಿಮ್ಮ ಮುತ್ತಜ್ಜ 1945ರಲ್ಲೂ ಅಲ್ಲೇ ಇದ್ದರು. ಅಜ್ಜಿಯ ಹತ್ತಿರ ನಿಧಾನವಾಗಿ ಕೇಳಿ ನೋಡಿ.

ನೋಟು ಇಡುವ ಬಗ್ಗೆಯೂ ಹೇಳುತ್ತೇನೆ. ಮಾಮೂಲಿ ಪ್ಲಾಸ್ಟಿಕ್ ಕವರ್ ಬೇಡ, ಕೆಲವು ವರ್ಷಕ್ಕೆ ಅಂಟಾಗುತ್ತದೆ. ಪಾಲಿಯೆಸ್ಟರಿನ ಗಟ್ಟಿ ಪಾರದರ್ಶಕ ಕವರ್ ಸಿಗುತ್ತದೆ. ಒಂದೊಂದು ನೋಟು ಒಂದೊಂದರಲ್ಲಿ. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಆ ನೂಲನ್ನು ಎಸೆಯಬೇಡಿ. ಅದು ಅವರು ಕಟ್ಟಿದ ಗಂಟು.

ಪಿಂಚಣಿ ಮಾಮ

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ನಾಣ್ಯಗಳ ಮ್ಯೂಸಿಯಂ ಆಗಿದೆ. 1906ರಲ್ಲಿ ಉಡುಪಿಯ ಬ್ಯಾಂಕು ಶುರು ಮಾಡಿದ ಪುಣ್ಯಾತ್ಮರು ಅವರು. ಅಜ್ಜಿಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಮ್ಮ. ಹಳೆ ದುಡ್ಡು ಕಣ್ಣೆದುರು ಕಂಡರೆ ಹಿರಿಯರಿಗೆ ಮಾತು ತಾನಾಗಿ ಬರುತ್ತದೆ. ನನ್ನ ಅಮ್ಮನಿಗೆ ಹಾಗೇ ಆಗಿತ್ತು.

ಕಲ್ಯಾಣಪುರದವಳು

ಎಂಟು ದಿನ ಆಯಿತು ಬರೆಯದೆ. ಭಾನುವಾರ ಅಜ್ಜಿಯ ಹತ್ತಿರ ಕೂತೆ. ಅಜ್ಜಿಗೆ 90 ಹತ್ತಿರ, ಕಿವಿ ಸ್ವಲ್ಪ ಮಂದ. ಮುದ್ರೆ ಇರುವ ನೋಟನ್ನು ಕೈಯಲ್ಲಿ ಇಟ್ಟು ಅದರ ಮೇಲೆ ಬರೆದದ್ದನ್ನು ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದರು. ಅಪ್ಪ ನಡೆದು ಬಂದದ್ದಲ್ಲ. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದರು. ಆಗ ಅಜ್ಜಿಗೆ ಎಂಟು ವರ್ಷ. ಅಪ್ಪನ ಮುಖ ನೋಡಿದ ನೆನಪು ಅಲ್ಲಿಂದಲೇ ಶುರು. ಅಂಗಳದಲ್ಲಿ ನಿಂತವರು ಯಾರು ಅಂತ ಗೊತ್ತಾಗದೆ ಒಳಗೆ ಓಡಿದ್ದರಂತೆ. ನಡೆದು ಹೊರಟದ್ದು ಚಿಕ್ಕಪ್ಪ, ಅಪ್ಪನ ತಮ್ಮ. ಅಣ್ಣ ತಮ್ಮ ಇಬ್ಬರೂ ರಂಗೂನಿನಲ್ಲಿದ್ದರು. ಅಂಗಡಿ ಬಿಟ್ಟು ಬರಲಾರೆ ಅಂತ ಅಪ್ಪ ಉಳಿದರು. ಚಿಕ್ಕಪ್ಪ 1942ರಲ್ಲಿ ಹೊರಟರು. ಅವರು ಊರು ಮುಟ್ಟಲಿಲ್ಲ.

ಮನೆಯಲ್ಲಿ ಆ ಹೆಸರು ಹೇಳಿದರೆ ಅಜ್ಜಿಯ ಅಜ್ಜಿ, ಅಂದರೆ ಆ ಇಬ್ಬರ ತಾಯಿ, ಊಟ ಬಿಡುತ್ತಿದ್ದರಂತೆ. ಹಾಗಾಗಿ ಹೇಳುವುದನ್ನೇ ಬಿಟ್ಟರು. ನಡೆದ ಕಥೆ ಮಾತ್ರ ಉಳಿಯಿತು, ಅದು ಬಂದವರ ಮೇಲೆ ಬಿತ್ತು. ನನಗೆ 41 ವರ್ಷ. ಹೀಗೊಬ್ಬರು ಇದ್ದರು ಅಂತ ಗೊತ್ತಾದದ್ದು ಮೊನ್ನೆ.

ಲೆಕ್ಕದ ಪುಸ್ತಕವನ್ನೂ ಓದಿದೆ. 1947ರಿಂದ ಬರೆದದ್ದು. ಪ್ರತಿ ವರ್ಷದ ಕೊನೆಯಲ್ಲಿ ಬರಬೇಕಾದ ಬಾಕಿಯ ಪಟ್ಟಿ ಇದೆ. ಅದರಲ್ಲಿ ಒಂದು ಸಾಲು, "ರಂಗೂನು ನೋಟು, 340". ಮುಂದಿನ ವರ್ಷವೂ ಅದೇ ಸಾಲು. ಹಾಗೆ 1958ರ ತನಕ ಇದೆ. 1959ರ ಪುಟದಲ್ಲಿ ಆ ಸಾಲು ಇಲ್ಲ. ಹೊಡೆದು ಹಾಕಿಲ್ಲ, ಮುಂದಕ್ಕೆ ಎತ್ತಿ ಬರೆದಿಲ್ಲ ಅಷ್ಟೇ.

ಅಜ್ಜಿಯನ್ನು ಕೇಳಿದೆ, 1959ರಲ್ಲಿ ಏನಾಯಿತು ಅಂತ. ಆ ವರ್ಷ ಅವರ ಅಜ್ಜಿ ತೀರಿಕೊಂಡರಂತೆ. ಆ 340ರಲ್ಲಿ 150 ತಮ್ಮನ ಸಂಬಳ. ಧಣಿ ಯುದ್ಧದ ನಡುವೆ ಬಾಕಿ ಚುಕ್ತಾ ಮಾಡಿದಾಗ ತಮ್ಮನ ಪಾಲನ್ನೂ ಜಪಾನ್ ನೋಟಿನಲ್ಲೇ ಕೊಟ್ಟಿದ್ದರು. ಅವನು ಬಂದರೆ ಕೊಡಬೇಕು ಅಂತ ತಾಯಿಯ ಎದುರು ಎಣಿಸಿ, ಕಟ್ಟಿ ಇಟ್ಟದ್ದು.

ನೂಲು ಹಾಗೇ ಇಟ್ಟಿದ್ದೇನೆ. ಮ್ಯೂಸಿಯಮ್ಮಿಗೆ ಮುಂದಿನ ವಾರ ಹೋಗುತ್ತೇವೆ. ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತೇನೆ ಅಂತ ಅಜ್ಜಿ ಹೇಳಿದ್ದಾರೆ.